ಬಾರ್ಡ್ಸ್‌ಟೌನ್‌ನಲ್ಲಿ ಒಂದು ದಿನ: ಆನ್‌ಲೈನ್ ಬರ್ಬನ್ ಗೆಳೆಯರು ಎದುರುಬದುರು ಸೇರುವುದು ಹೇಗೆ

ಬರ್ಬನ್, ಅಂದರೆ ಅಮೆರಿಕದ ಮೆಕ್ಕೆಜೋಳದ ವಿಸ್ಕಿ, ಇಷ್ಟಪಡುವ ನಾವು ಎರಡು ವರ್ಷದಿಂದ ಆನ್‌ಲೈನ್‌ನಲ್ಲಿ ಹೆಚ್ಚೂಕಡಿಮೆ ದಿನಾ ಮಾತಾಡಿದ್ದೇವೆ. ಯಾರ ಕಪಾಟಿನಲ್ಲಿ ಯಾವ ಬಾಟಲಿ ಇದೆ, ಯಾವುದು ಅರ್ಧಕ್ಕೆ ಇಳಿದಿದೆ, ಯಾರಿಗೆ ರೈ ಧಾನ್ಯದ ಖಾರ ಇಷ್ಟ, ಯಾರಿಗೆ ಗೋಧಿಯ ಸಿಹಿ ಇಷ್ಟ, ಎಲ್ಲ ಗೊತ್ತು. ಆದರೆ ಎದುರಿಗೆ ಬಂದು ನಿಂತರೆ ಗುರುತು ಹತ್ತುವುದಿಲ್ಲ. ಒಂದು ದಿನ ಎಲ್ಲರೂ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಸೇರೋಣ ಅಂತ ಯಾರೋ ಹೇಳುತ್ತಾರೆ, ಇಪ್ಪತ್ತು ಜನ ಹೂಂ ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನು ಇರುವುದು ಸಿನ್ಸಿನಾಟಿಯಲ್ಲಿ. ನಮ್ಮ ಗುಂಪು ಇಲ್ಲಿಯವರೆಗೆ ಮೂರು ಸಲ ಕೆಂಟಕಿಯ ಬಾರ್ಡ್ಸ್‌ಟೌನ್‌ನಲ್ಲಿ ಸೇರಿದೆ. ಕಳೆದ ಸಲ ಹನ್ನೊಂದು ಜನ, ಅದರಲ್ಲಿ ನಾಲ್ವರು ಕನ್ನಡದವರು. ಮೊದಲ ಸಲ ಒಂದೇ ದಿನಕ್ಕೆ ನಾಲ್ಕು ಡಿಸ್ಟಿಲರಿ (ವಿಸ್ಕಿ ಭಟ್ಟಿ ಇಳಿಸುವ ಕಾರ್ಖಾನೆ) ಅಂತ ಹಾಕಿಕೊಂಡಿದ್ದೆವು. ಮೂರನೆಯದಕ್ಕೆ ಹತ್ತು ನಿಮಿಷ ತಡವಾಯಿತು, ಟೂರ್ ಹೊರಟುಹೋಗಿತ್ತು. ನಾಲ್ಕನೆಯ ಕಡೆ ಯಾರಿಗೂ ರುಚಿ ನೋಡುವ ಸ್ಥಿತಿಯೇ ಇರಲಿಲ್ಲ. ದಿನವಿಡೀ ಗಾಡಿಯಲ್ಲಿ ಕೂತಿದ್ದೆವು, ಮಾತಾಡಿದ್ದು ಕಡಿಮೆ. ಅದಕ್ಕೇ ನನ್ನ ಸಲಹೆ ಇಷ್ಟೇ: ದಿನಕ್ಕೆ ಎರಡೇ ಡಿಸ್ಟಿಲರಿ. ಉಳಿದ ಹೊತ್ತೆಲ್ಲ ಒಂದು ಉದ್ದನೆಯ ಮೇಜಿಗೆ ಮೀಸಲು. ಕೆಳಗಿನದೆಲ್ಲ ಅದನ್ನು ಮಾಡುವ ದಾರಿ.

ಮೊದಲ ಹೆಜ್ಜೆ: ಗಾಡಿ ಓಡಿಸುವವರು ಯಾರು?

ಯಾವ ಬಾಟಲಿ, ಯಾವ ಹೋಟೆಲ್ ಅನ್ನುವುದಕ್ಕೂ ಮೊದಲು ಇದು ತೀರ್ಮಾನ ಆಗಬೇಕು. ಡ್ರೈವರ್ ಸಮೇತ ವ್ಯಾನ್ ಬಾಡಿಗೆಗೆ ಸಿಗುತ್ತದೆ. ಲೂಯಿವಿಲ್‌ನಲ್ಲೂ ಸಿಗುತ್ತದೆ, ಬಾರ್ಡ್ಸ್‌ಟೌನ್‌ನಲ್ಲೂ ಸಿಗುತ್ತದೆ. ಹತ್ತು ಹನ್ನೆರಡು ಜನ ಹಂಚಿಕೊಂಡರೆ ತಲೆಗೆ ಬೀಳುವುದು ಒಂದು ಒಳ್ಳೆಯ ಬಾಟಲಿಯ ದುಡ್ಡು. ಈ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಪ್ರತಿ ಡಿಸ್ಟಿಲರಿಯಲ್ಲೂ ಕೊಡುವುದು ಒಂದೊಂದು ಗುಟುಕೇ. ಆದರೆ ಅಂಥ ನಾಲ್ಕೈದು ಗುಟುಕು, ಅದೂ ಕೆಲವು ಶೇ. 60 ಆಲ್ಕೋಹಾಲ್ ಇರುವಂಥವು, ಬೇಗ ಲೆಕ್ಕ ತಪ್ಪಿಸುತ್ತವೆ. ಅಮೆರಿಕದಲ್ಲಿ ಪ್ರೂಫ್ ಅಂದರೆ ಆಲ್ಕೋಹಾಲ್ ಶೇಕಡಾವಾರಿನ ಎರಡರಷ್ಟು. ಊರಲ್ಲಿ ನಾವು ನೋಡಿ ಅಭ್ಯಾಸವಾದ ವಿಸ್ಕಿ ಬಾಟಲಿ ಮೇಲೆ ಶೇ. 42.8 ಅಂತ ಇರುತ್ತದಲ್ವಾ? ಇಲ್ಲಿ ಪೀಪಾಯಿಯಿಂದ ನೇರ ಬಾಟಲಿಗೆ ಇಳಿಸಿದ್ದು 120 ಪ್ರೂಫ್ ದಾಟುವುದು ಸಾಮಾನ್ಯ.

ಕೆಂಟಕಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇ. 0.08. ಕಾರಿನಲ್ಲಿ ಜನ ಕೂರುವ ಜಾಗದಲ್ಲಿ ತೆರೆದ ಬಾಟಲಿ ಇಡುವಂತಿಲ್ಲ. ಗುಂಪಿನಲ್ಲೇ ಕುಡಿಯದ ಒಬ್ಬರು ಓಡಿಸುತ್ತೇನೆ ಅಂದರೆ ಇನ್ನೂ ಒಳ್ಳೆಯದು. ಅವರ ಟಿಕೆಟ್, ಊಟ, ಪೆಟ್ರೋಲ್ ಎಲ್ಲ ಉಳಿದವರದ್ದು. ಬಾಡಿಗೆ ಗಾಡಿಯ ಡ್ರೈವರ್‌ಗೂ ಹೊಟ್ಟೆ ಇದೆ, ಊಟದ ಲೆಕ್ಕದಲ್ಲಿ ಅವರನ್ನೂ ಸೇರಿಸಿ.

ಊರು, ದಿನ, ಬುಕಿಂಗ್

ಬಾರ್ಡ್ಸ್‌ಟೌನ್ ಲೂಯಿವಿಲ್‌ನಿಂದ ದಕ್ಷಿಣಕ್ಕೆ ಸುಮಾರು 40 ಮೈಲಿ. ಸಣ್ಣ ಊರು, ನಡುಪೇಟೆಯನ್ನು ನಡೆದೇ ಸುತ್ತಬಹುದು. ಜಗತ್ತಿನ ಬರ್ಬನ್ ರಾಜಧಾನಿ ಅಂತ ಹೇಳಿಕೊಳ್ಳುವ ಊರು, ಆ ಹೆಸರಿಗೆ ತಕ್ಕ ಹಾಗೇ ಇದೆ. ಹೆವನ್ ಹಿಲ್, ವಿಲೆಟ್ ಡಿಸ್ಟಿಲರಿ ಎರಡೂ ಪಕ್ಕದಲ್ಲೇ ಇವೆ. ಮೇಕರ್ಸ್ ಮಾರ್ಕ್ ಇರುವ ಲೊರೆಟೊಗೆ ಅರ್ಧ ಗಂಟೆ ದಾರಿ. ಬಫಲೊ ಟ್ರೇಸ್, ವೈಲ್ಡ್ ಟರ್ಕಿ, ಫೋರ್ ರೋಸಸ್, ವುಡ್‌ಫರ್ಡ್ ರಿಸರ್ವ್ ಇರುವುದು ಫ್ರಾಂಕ್‌ಫರ್ಟ್, ಲಾರೆನ್ಸ್‌ಬರ್ಗ್ ಕಡೆ. ಎರಡೂ ದಿಕ್ಕನ್ನು ಒಂದೇ ದಿನಕ್ಕೆ ತುರುಕಬೇಡಿ. ಅದು ಇನ್ನೊಂದು ಪ್ರಯಾಣಕ್ಕೆ ಇರಲಿ.

ಏಪ್ರಿಲ್ ಕೊನೆ, ಮೇ ತಿಂಗಳ ನಡುವೆ, ಇಲ್ಲವೇ ಅಕ್ಟೋಬರ್ ಚೆನ್ನಾಗಿರುತ್ತದೆ. ಮೇ ತಿಂಗಳ ಮೊದಲ ಶನಿವಾರ ಲೂಯಿವಿಲ್‌ನಲ್ಲಿ ಡರ್ಬಿ ಕುದುರೆ ರೇಸ್, ಆ ವಾರ ರೂಮಿನ ಬಾಡಿಗೆ ಕೇಳಲೇಬೇಡಿ. ಸೆಪ್ಟೆಂಬರ್‌ನಲ್ಲಿ ಬಾರ್ಡ್ಸ್‌ಟೌನ್‌ನಲ್ಲೇ ಬರ್ಬನ್ ಹಬ್ಬ ನಡೆಯುತ್ತದೆ. ಜಾತ್ರೆ ಇಷ್ಟಪಡುವವರಿಗೆ ಸರಿ, ಕೂತು ಮಾತಾಡಬೇಕು ಅನ್ನುವವರಿಗೆ ಆಗುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಎಷ್ಟೋ ಡಿಸ್ಟಿಲರಿಗಳು ರಿಪೇರಿಗೆಂದು ಭಟ್ಟಿ ನಿಲ್ಲಿಸುತ್ತವೆ. ಟೂರ್ ಇರುತ್ತದೆ, ಆದರೆ ಕುದಿಯುವ ಹಿಟ್ಟಿನ ವಾಸನೆ ಇರುವುದಿಲ್ಲ. ವಾರದ ದಿನಗಳಲ್ಲಿ ಶುಕ್ರವಾರ ನನ್ನ ಆಯ್ಕೆ. ಶನಿವಾರ ಜನ ಜಾಸ್ತಿ. ಭಾನುವಾರ, ಸೋಮವಾರ ಕೆಲವು ಕಡೆ ಬಾಗಿಲು ಹಾಕಿರುತ್ತಾರೆ.

ದಿನ ಗೊತ್ತಾದ ಕೂಡಲೇ ಬುಕ್ ಮಾಡಿ, ಆರೆಂಟು ವಾರ ಮುಂಚೆಯೇ. ಎಂಟು ಜನಕ್ಕಿಂತ ಜಾಸ್ತಿ ಇದ್ದರೆ ನೇರ ಫೋನ್ ಮಾಡುವುದು ವಾಸಿ. ಎಲ್ಲ ಟಿಕೆಟ್ ಒಬ್ಬರ ಹೆಸರಿನಲ್ಲಿರಲಿ, ದುಡ್ಡು ಮೊದಲೇ ಕೂಡಿಸಿ. ಬರುತ್ತೇನೆ ಅಂದ ಇಪ್ಪತ್ತು ಜನ ದುಡ್ಡು ಅಂದ ತಕ್ಷಣ ಹನ್ನೊಂದಾಗುತ್ತಾರೆ. ಆ ಹನ್ನೊಂದೇ ನಿಜವಾದ ಲೆಕ್ಕ. ಹನ್ನೆರಡಕ್ಕಿಂತ ಜಾಸ್ತಿ ಬೇಡ, ಒಂದೇ ಮೇಜಿಗೆ ಹಿಡಿಸುವುದಿಲ್ಲ.

ಬಾರ್ಡ್ಸ್‌ಟೌನ್ ಪೂರ್ವದ ಸಮಯ ವಲಯದಲ್ಲಿದೆ. ನ್ಯಾಶ್‌ವಿಲ್, ಶಿಕಾಗೊ ಕಡೆಯಿಂದ ಬರುವವರಿಗೆ ಒಂದು ಗಂಟೆ ಕೈತಪ್ಪುತ್ತದೆ. ಇದನ್ನು ಹಿಂದಿನ ದಿನ ಮತ್ತೊಮ್ಮೆ ಎಲ್ಲರಿಗೂ ಹೇಳಿ. 21 ವರ್ಷ ದಾಟಿದ್ದಕ್ಕೆ ಗುರುತಿನ ಚೀಟಿ ಬೇಕು. ಊರಿಂದ ಬಂದ ಅಣ್ಣನನ್ನೋ ಭಾವನನ್ನೋ ಕರೆದುಕೊಂಡು ಹೋಗುವುದಾದರೆ ಅವರ ಪಾಸ್‌ಪೋರ್ಟ್ ಜೊತೆಯಲ್ಲೇ ಇರಲಿ, ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ.

ಬೆಳಿಗ್ಗೆ: ಹೆಸರು, ತಿಂಡಿ, ಮೊದಲ ಡಿಸ್ಟಿಲರಿ

ಒಂಬತ್ತಕ್ಕೆ ಊರಿನ ಯಾವುದಾದರೂ ತಿಂಡಿ ಹೋಟೆಲಿನಲ್ಲಿ ಸೇರಿ. ಎಲ್ಲರ ಅಂಗಿಗೂ ಒಂದು ಚೀಟಿ ಅಂಟಿಸಿ. ಮೇಲೆ ಆನ್‌ಲೈನ್ ಅಡ್ಡಹೆಸರು ದಪ್ಪಕ್ಷರದಲ್ಲಿ, ಕೆಳಗೆ ನಿಜ ಹೆಸರು. ಮುಖ ನೋಡಿ ಗೊತ್ತಾಗದವರು ಅಡ್ಡಹೆಸರು ಓದಿದ ಕೂಡಲೇ ತಬ್ಬಿಕೊಳ್ಳುವುದನ್ನು ಮೂರು ಸಲವೂ ನೋಡಿದ್ದೇನೆ. ನಿಜ ಹೆಸರು ಬರೆಯಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ. ಫೋಟೊ ಹಾಕುವ ಮೊದಲು ಕೇಳಿ. ಹೆಂಗಸರು ಒಬ್ಬರೇ ಬರುತ್ತಿದ್ದರೆ ಸೇರುವ ಜಾಗ, ಉಳಿಯುವ ಜಾಗ, ವ್ಯಾನಿನ ವಿವರ ಎಲ್ಲ ಮೊದಲೇ ಅವರ ಮನೆಯವರಿಗೂ ಗೊತ್ತಿರುವ ಹಾಗೆ ಕಳಿಸಿ. ಹೊಟ್ಟೆ ತುಂಬ ತಿಂಡಿ ತಿನ್ನಿಸಿ ಹೊರಡಿಸಿ.

ಎರಡು ಡಿಸ್ಟಿಲರಿ ಆರಿಸುವಾಗ ಒಂದಕ್ಕೊಂದು ಬೇರೆಯಾಗಿರಲಿ. ನಮ್ಮದು ಬೆಳಿಗ್ಗೆ ಮೇಕರ್ಸ್ ಮಾರ್ಕ್, ಮಧ್ಯಾಹ್ನ ಹೆವನ್ ಹಿಲ್. ಬರ್ಬನ್ ಆಗಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಅಮೆರಿಕದಲ್ಲೇ ತಯಾರಾಗಬೇಕು, ಒಳಗೆ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ಕೂರಬೇಕು. ಇಷ್ಟು ಎಲ್ಲರಿಗೂ ಒಂದೇ. ಉಳಿದ ಧಾನ್ಯದಲ್ಲಿ ಹೆಚ್ಚಿನವರು ರೈ ಹಾಕುತ್ತಾರೆ. ಮೇಕರ್ಸ್ ಮಾರ್ಕ್‌ನವರು ಗೋಧಿ ಹಾಕುತ್ತಾರೆ: ಮೆಕ್ಕೆಜೋಳ ಶೇ. 70, ಗೋಧಿ 16, ಮೊಳಕೆ ಬಾರ್ಲಿ 14. ಬೆಳಿಗ್ಗೆ ಗೋಧಿ, ಮಧ್ಯಾಹ್ನ ರೈ ನಾಲಿಗೆಗೆ ಬಿದ್ದರೆ ವ್ಯತ್ಯಾಸ ತಾನಾಗೇ ತಿಳಿಯುತ್ತದೆ.

ಒಳಗೆ ಹೋದಾಗ ಎರಡು ಜಾಗದಲ್ಲಿ ನಿಧಾನ ಮಾಡಿ. ಒಂದು, ಹಿಟ್ಟು ಹುಳಿ ಬರುವ ತೊಟ್ಟಿಗಳ ಕೋಣೆ. ಮೇಕರ್ಸ್ ಮಾರ್ಕ್‌ನಲ್ಲಿ ಸೈಪ್ರೆಸ್ ಮರದ ತೊಟ್ಟಿಗಳಿವೆ. ಮೇಲೆ ಹಳದಿ ನೊರೆ, ಕೆಳಗಿನಿಂದ ಗುಳ್ಳೆ ಎದ್ದು ಒಡೆಯುತ್ತಿರುತ್ತದೆ. ರಾತ್ರಿ ಕಟ್ಟಿಟ್ಟ ದೋಸೆ ಹಿಟ್ಟು ಬೇಸಿಗೆಯಲ್ಲಿ ಜಾಸ್ತಿ ಹುಳಿಯಾದಾಗ ಬರುತ್ತದಲ್ಲ, ಅದೇ ವಾಸನೆ. ಹಿಂದಿನ ಭಟ್ಟಿಯಲ್ಲಿ ಉಳಿದ ಗಂಜಿಯನ್ನು ಮುಂದಿನ ಹಿಟ್ಟಿಗೆ ಸೇರಿಸುವುದಕ್ಕೆ ಸಾರ್ ಮ್ಯಾಶ್ ಅನ್ನುತ್ತಾರೆ. ಹಾಲಿಗೆ ಹೆಪ್ಪು ಹಾಕುವ ಹಾಗೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಈ ಗಂಜಿ ಕುದಿದದ್ದು, ಅದರಲ್ಲಿ ಜೀವವಿರುವುದಿಲ್ಲ. ಅದು ಕೊಡುವುದು ಹುಳಿ. ಆ ಹುಳಿಯಿಂದ ಬೇಡದ ಬ್ಯಾಕ್ಟೀರಿಯಾ ತಡೆಯುತ್ತದೆ, ಯೀಸ್ಟ್ ಬೇರೆಯಾಗಿ ಹಾಕುತ್ತಾರೆ.

ಇನ್ನೊಂದು, ಪೀಪಾಯಿಗಳ ಗೋದಾಮು. ಇಲ್ಲಿ ಫೋನ್ ಜೇಬಿನಲ್ಲಿಡಿ. ಹೊರಗಿನ ಗೋಡೆ, ಪಕ್ಕದ ಮರದ ಕಾಂಡ, ಎಲ್ಲದರ ಮೇಲೂ ಮಸಿ ಬಳಿದ ಹಾಗೆ ಕಪ್ಪು. ಕೊಳಕಲ್ಲ, ಗಾಳಿಗೆ ಬರುವ ಆಲ್ಕೋಹಾಲ್ ಆವಿಯನ್ನು ನೆಚ್ಚಿಕೊಂಡು ಬೆಳೆಯುವ ಒಂದು ಬೂಷ್ಟು. ಒಳಗೆ ಅರೆಗತ್ತಲು. ಮರದ ಚೌಕಟ್ಟಿನ ಮೇಲೆ ಸಾಲುಸಾಲು ಪೀಪಾಯಿ, ಒಂದೊಂದರಲ್ಲೂ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಬೇಸಿಗೆಯಲ್ಲಿ ವಿಸ್ಕಿ ಹಿಗ್ಗಿ ಮರದೊಳಗೆ ಇಳಿಯುತ್ತದೆ, ಚಳಿಯಲ್ಲಿ ಕುಗ್ಗಿ ಈಚೆ ಬರುತ್ತದೆ. ಬಣ್ಣ ಪೂರ್ತಿ, ರುಚಿ ಬಹುಪಾಲು ಹೀಗೆ ಓಡಾಡಿ ಬಂದದ್ದು. ಮೇಲಿನ ಮಹಡಿ ಬಿಸಿ, ಕೆಳಗಿನದು ತಂಪು. ಹಾಗಾಗಿ ಒಂದೇ ದಿನ ತುಂಬಿಸಿದ ಎರಡು ಪೀಪಾಯಿ ಎಂಟು ವರ್ಷದ ಮೇಲೆ ಬೇರೆ ಬೇರೆ ಆಗಿರುತ್ತವೆ. ಮೇಕರ್ಸ್ ಮಾರ್ಕ್‌ನವರು ಅದಕ್ಕೇ ಪೀಪಾಯಿಗಳನ್ನು ಮೇಲಿಂದ ಕೆಳಕ್ಕೆ ಜಾಗ ಬದಲಿಸುತ್ತಾರೆ. ಕೆಂಟಕಿಯಲ್ಲಿ ಜನರಿಗಿಂತ ಪೀಪಾಯಿಗಳೇ ಜಾಸ್ತಿ. ಆ ಕತ್ತಲಲ್ಲಿ ಎರಡು ನಿಮಿಷ ಸುಮ್ನೆ ನಿಂತು ಉಸಿರೆಳೆದುಕೊಂಡರೆ ಅದು ಬರೀ ಲೆಕ್ಕವಾಗಿ ಉಳಿಯುವುದಿಲ್ಲ. ಹಸಿ ಮರ, ಬೆಲ್ಲದ ಪಾಕ, ವೆನಿಲ್ಲಾ, ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತದೆ.

ಕೊನೆಗೆ ಮೇಕರ್ಸ್ ಮಾರ್ಕ್ ಅಂಗಡಿಯಲ್ಲಿ ಬಾಟಲಿ ಕೊಂಡರೆ ಕೆಂಪು ಮೇಣದಲ್ಲಿ ನೀವೇ ಅದ್ದಬಹುದು. ಏಪ್ರನ್, ಕೈಗವಸು, ಕನ್ನಡಕ ಕೊಡುತ್ತಾರೆ. ಬಾಟಲಿ ತಲೆಕೆಳಗು ಮಾಡಿ ಅದ್ದಿ, ಮೇಲೆತ್ತುವಾಗ ಮಣಿಕಟ್ಟು ಸ್ವಲ್ಪ ತಿರುಗಿಸಿ, ನೆಟ್ಟಗೆ ಹಿಡಿಯಬೇಕು. ಮೇಣ ಎಷ್ಟು ಉದ್ದ ಇಳಿಯುತ್ತದೆ ಅನ್ನುವುದು ಕೈ ಚಳಕ. ಈ ಮೇಣದ ಯೋಚನೆ ಮಾರ್ಜಿ ಸ್ಯಾಮ್ಯುಯೆಲ್ಸ್ ಅವರದ್ದು. ಆಕೆಯ ಗಂಡ ಬಿಲ್ ಸ್ಯಾಮ್ಯುಯೆಲ್ಸ್ ವಿಸ್ಕಿ ಮಾಡಿದರು, ಬಾಟಲಿಯ ರೂಪ, ಹೆಸರು ಈಕೆ ಕೊಟ್ಟರು. ಮೊದಲ ಬಾಟಲಿ ಮಾರಾಟಕ್ಕೆ ಬಂದದ್ದು 1958ರಲ್ಲಿ.

ಊಟ

ಬಾರ್ಡ್ಸ್‌ಟೌನ್‌ಗೆ ವಾಪಸ್ ಬಂದು ಊಟ. ಚೌಕದ ಪಕ್ಕದಲ್ಲೇ ಓಲ್ಡ್ ಟಾಲ್ಬಟ್ ಟ್ಯಾವರ್ನ್ ಇದೆ, 1779ರ ಕಲ್ಲಿನ ಕಟ್ಟಡ. ಮಾಂಸ ತಿನ್ನುವವರಿಗೆ ಕೆಂಟಕಿಯಲ್ಲಿ ಯೋಚನೆಯೇ ಇಲ್ಲ. ಸಸ್ಯಾಹಾರಿಗಳು ಮಾತ್ರ ಕೇಳಿಯೇ ತಿನ್ನಬೇಕು. ಬೀನ್ಸ್ ಅಂದರೆ ಬರೀ ಬೀನ್ಸ್ ಅಂದುಕೊಳ್ಳಬೇಡಿ, ಎಷ್ಟೋ ಕಡೆ ಹಂದಿಮಾಂಸದ ತುಂಡು ಹಾಕಿ ಬೇಯಿಸಿರುತ್ತಾರೆ. ಸೊಪ್ಪಿನ ಪಲ್ಯಕ್ಕೂ ಇದೇ ಮಾತು. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು. ಎರಡನೇ ಸಲದಿಂದ ಕೂಲರ್‌ನಲ್ಲಿ ಮೊಸರನ್ನ, ಚಪಾತಿ, ನಿಂಬೆಕಾಯಿ ಉಪ್ಪಿನಕಾಯಿ ತರುತ್ತಿದ್ದೇವೆ. ಕುಡಿಯುವ ದಿನ ಮೊಸರನ್ನದಷ್ಟು ಹೊಟ್ಟೆಗೆ ಹಿತವಾದದ್ದು ಇನ್ನೊಂದಿಲ್ಲ. ಉಪ್ಪಿನಕಾಯಿಯನ್ನು ಮಾತ್ರ ರುಚಿ ನೋಡುವುದೆಲ್ಲ ಮುಗಿದ ಮೇಲೆ ತೆಗೆಯಿರಿ, ಅದು ನಾಲಿಗೆ ಹಿಡಿದುಬಿಡುತ್ತದೆ.

ಮಧ್ಯಾಹ್ನದ ಹೆವನ್ ಹಿಲ್‌ನಲ್ಲಿ 1996ರ ನವೆಂಬರ್ 7ರ ಕಥೆ ಕೇಳಿ. ಅವತ್ತು ಬೆಂಕಿ ಬಿದ್ದು ಏಳು ಗೋದಾಮು, ಸುಮಾರು 90,000 ಪೀಪಾಯಿ ಸುಟ್ಟುಹೋದವು. ಡಿಸ್ಟಿಲರಿಯೂ ಹೋಯಿತು. ಜೀವಹಾನಿ ಆಗಲಿಲ್ಲ. ಆಗ ಪೈಪೋಟಿಯ ಕಂಪನಿಗಳೇ ತಮ್ಮ ಭಟ್ಟಿಗಳಲ್ಲಿ ಇವರಿಗೆ ವಿಸ್ಕಿ ಇಳಿಸಿಕೊಟ್ಟವು. ಈ ವ್ಯಾಪಾರದ ಜನರ ಬಗ್ಗೆ ನನಗೆ ಗೌರವ ಹುಟ್ಟಿದ್ದು ಈ ಮಾತು ಕೇಳಿದ ಮೇಲೆ. ಟೂರ್ ಬೇಗ ಮುಗಿದರೆ ಊರಿನ ಆಸ್ಕರ್ ಗೆಟ್ಜ್ ವಿಸ್ಕಿ ಮ್ಯೂಸಿಯಂಗೆ ಮುಕ್ಕಾಲು ಗಂಟೆ ಕೊಡಿ. ಪಾನನಿಷೇಧದ ಕಾಲದಲ್ಲಿ ಡಾಕ್ಟರ ಚೀಟಿ ತೋರಿಸಿ ಔಷಧಿ ಅಂತ ಕೊಳ್ಳುತ್ತಿದ್ದ ವಿಸ್ಕಿ ಬಾಟಲಿಗಳನ್ನು ಅಲ್ಲಿ ನೋಡಬಹುದು.

ಒಂದು ಎಚ್ಚರಿಕೆ. ಗುಂಪಿನಲ್ಲಿ ಒಬ್ಬಿಬ್ಬರಾದರೂ ಅಪರೂಪದ ಬಾಟಲಿ ಬೇಟೆಯವರು ಇರುತ್ತಾರೆ. ವಿಲೆಟ್ ಅಂಗಡಿಯಲ್ಲಿ ಇವತ್ತು ಏನು ಬಂದಿದೆ, ಆ ಇನ್ನೊಂದು ಅಂಗಡಿಯಲ್ಲಿ ಏನಿದೆ ಅಂತ ಹೊರಟರೆ ಮಧ್ಯಾಹ್ನ ಪೂರ್ತಿ ಕ್ಯೂನಲ್ಲಿ ಕಳೆಯುತ್ತದೆ. ಅದಕ್ಕೆ ಮಾರನೇ ದಿನ ಬೆಳಿಗ್ಗೆ ಇಟ್ಟುಕೊಳ್ಳಿ ಅಂತ ಮೊದಲೇ ಹೇಳಿ. ಹಾಗೆಯೇ ಗುಂಪಿನೊಳಗೆ ಬಾಟಲಿ ಮಾರಾಟ ಬೇಡ. ಲೈಸೆನ್ಸ್ ಇಲ್ಲದೆ ಮಾರುವುದು ಕಾನೂನಿಗೆ ವಿರುದ್ಧ, ಸ್ನೇಹಕ್ಕೂ ಒಳ್ಳೆಯದಲ್ಲ. ಕೊಡುವುದಾದರೆ ಹಾಗೇ ಕೊಡಿ.

ಸಂಜೆ: ಉದ್ದನೆಯ ಮೇಜು

ಡಿಸ್ಟಿಲರಿಯಲ್ಲಿ, ಹೋಟೆಲಿನಲ್ಲಿ ನಿಮ್ಮ ಬಾಟಲಿ ತೆರೆಯಲು ಬಿಡುವುದಿಲ್ಲ. ಅದಕ್ಕೆ ಊರೊಳಗೇ ಒಂದು ಮನೆ ಬಾಡಿಗೆಗೆ ಹಿಡಿಯಿರಿ, ದೊಡ್ಡ ಜಗುಲಿ ಇರುವಂಥದ್ದು. ಇಷ್ಟು ಜನ ಸೇರುತ್ತೇವೆ, ವಿಸ್ಕಿ ತೆರೆಯುತ್ತೇವೆ ಅಂತ ಮನೆ ಮಾಲೀಕರಿಗೆ ಮುಂಚೆಯೇ ಹೇಳಿ ಒಪ್ಪಿಗೆ ತೆಗೆದುಕೊಳ್ಳಿ. ಎಲ್ಲರೂ ಅಲ್ಲೇ ಮಲಗಬೇಕು, ಇಲ್ಲವೇ ನಡೆದು ಹೋಗುವ ದೂರದಲ್ಲಿ ಉಳಿಯಬೇಕು. ಮನೆ ಮುಟ್ಟಿದ ಮೇಲೆ ವ್ಯಾನ್ ಕಳಿಸಿಬಿಡಿ.

ತಲೆಗೊಂದು ಬಾಟಲಿ ತಂದರೆ ಹನ್ನೊಂದು ಬಾಟಲಿ ಆಗುತ್ತದೆ, ಅಷ್ಟನ್ನೂ ಒಂದು ಸಂಜೆ ಯಾರೂ ರುಚಿ ನೋಡಲಾರರು. ಐದೇ ಬಾಟಲಿ ಸಾಕು. ಹೆಸರು ಮುಚ್ಚಿಟ್ಟು ರುಚಿ ನೋಡುವ ಆಟ ಆಡಿ. ಇಲ್ಲಿ ಒಂದು ವಿಷಯ ಮುಖ್ಯ: ಐದರದ್ದೂ ಒಂದೇ ಪ್ರೂಫ್ ಇರಬೇಕು. ಇಲ್ಲದಿದ್ದರೆ ಯಾವುದು ಹೆಚ್ಚು ಗಟ್ಟಿಯೋ ಅದೇ ಗೆಲ್ಲುತ್ತದೆ. ಸುಲಭದ ದಾರಿ ಬಾಟಲ್ಡ್ ಇನ್ ಬಾಂಡ್ ಅಂತ ಬರೆದಿರುವುದನ್ನೇ ಆರಿಸುವುದು. 1897ರ ಕಾನೂನಿನ ಪ್ರಕಾರ ಅದು ಒಂದೇ ಡಿಸ್ಟಿಲರಿಯಲ್ಲಿ, ಒಂದೇ ಋತುವಿನಲ್ಲಿ ಇಳಿಸಿದ್ದಾಗಿರಬೇಕು, ಸರ್ಕಾರದ ಕಣ್ಗಾವಲಿನ ಗೋದಾಮಿನಲ್ಲಿ ಕನಿಷ್ಠ ನಾಲ್ಕು ವರ್ಷ ಕೂತಿರಬೇಕು, ಸರಿಯಾಗಿ 100 ಪ್ರೂಫ್ ಇರಬೇಕು. ಆ ಕಾಲದಲ್ಲಿ ಹೊಗೆಸೊಪ್ಪಿನ ರಸ ಹಾಕಿ ಬಣ್ಣ ಬರಿಸಿ ಹಳೆ ವಿಸ್ಕಿ ಅಂತ ಮಾರುವವರಿದ್ದರು, ಅವರನ್ನು ತಡೆಯಲು ಬಂದ ಕಾನೂನು. ಇವಾನ್ ವಿಲಿಯಮ್ಸ್ ಬಿಳಿ ಲೇಬಲ್, ಓಲ್ಡ್ ಗ್ರ್ಯಾಂಡ್ ಡ್ಯಾಡ್, ಹೆನ್ರಿ ಮೆಕೆನ್ನಾ, ಸಿನ್ಸಿನಾಟಿಯಿಂದ ನದಿ ದಾಟಿದರೆ ಸಿಗುವ ನ್ಯೂ ರಿಫ್, ಎಲ್ಲವೂ ಈ ಸಾಲಿನವು.

ಒಬ್ಬರು ಒಳಗೆ ಹೋಗಿ ಬಾಟಲಿಗೆ ಕಂದು ಕಾಗದದ ಚೀಲ ಹಾಕಿ, ಒಂದರಿಂದ ಐದರವರೆಗೆ ನಂಬರ್ ಬರೆದು ತರಲಿ. ಅವರು ಆಟದಿಂದ ಹೊರಗೆ. ಪ್ರತಿಯೊಂದೂ 15 ಮಿ.ಲೀ., ಅಳತೆ ಲೋಟದಲ್ಲೇ ಹಾಕಬೇಕು. ಐದು ಸೇರಿದರೆ 75 ಮಿ.ಲೀ., ನಮ್ಮೂರಿನ ಒಂದು ಲಾರ್ಜ್‌ಗಿಂತ ಜಾಸ್ತಿ, ಅದೂ ಶೇ. 50ರದ್ದು. ಹಾಗಾಗಿ ಕೈ ಅಂದಾಜು ಬೇಡ. ಮೇಜಿನ ನಡುವೆ ಒಂದು ಪಾತ್ರೆ ಇಡಿ, ಬೇಡದ್ದನ್ನು ಸುರಿಯಲು, ಉಗುಳಲು. ಯಾರೂ ಸಂಕೋಚ ಪಡಬಾರದು. ಪ್ರತಿ ಸುತ್ತಿಗೂ ಒಂದು ಲೋಟ ನೀರು. ಮೂಸುವಾಗ ಬಾಯಿ ಸ್ವಲ್ಪ ತೆರೆದಿರಲಿ, ಆಗ ಆಲ್ಕೋಹಾಲ್ ಮೂಗಿಗೆ ಕುಟುಕುವುದಿಲ್ಲ. ಮೊದಲ ಗುಟುಕು ಬಾಯಿ ಒಗ್ಗಿಸಲು, ಎರಡನೆಯದೇ ರುಚಿಗೆ. ಆಮೇಲೆ ಎರಡು ಹನಿ ನೀರು ಹಾಕಿ ಮತ್ತೆ ನೋಡಿ. ಎಲ್ಲರೂ ಬರೆದು ಮುಗಿಸುವವರೆಗೆ ಬಾಯಿಬಿಟ್ಟು ಹೇಳಬಾರದು. ಒಬ್ಬರು ಬಾಳೆಹಣ್ಣು ಅಂದರೆ ಮುಗೀತು, ಎಲ್ಲರಿಗೂ ಬಾಳೆಹಣ್ಣೇ.

ನಿಮಗೆ ಗೊತ್ತಿರುವ ವಾಸನೆಯ ಹೆಸರೇ ಬರೆಯಿರಿ. ಬಟರ್‌ಸ್ಕಾಚ್, ಟಾಫಿ ಅಂತ ಎಲ್ಲೋ ಓದಿದ್ದನ್ನು ಹುಡುಕಬೇಡಿ. ಕಳೆದ ಸಲ ಮೂರನೇ ನಂಬರ್ ಮೂಸಿದ ಮಂಡ್ಯದ ಗೆಳೆಯರು ನನ್ನ ಕಡೆ ತಿರುಗಿ, ಪಿಸುಮಾತಿನಲ್ಲಿ, “ಇದು ಆಲೆಮನೆ ಕಣ್ರೀ. ಕೊಪ್ಪರಿಗೆ ತಳ ಹಿಡಿಯೋಕೆ ಮುಂಚೆ ಬರುತ್ತಲ್ಲ, ಅದು” ಅಂದರು. ಚೀಟಿಯಲ್ಲಿ ಹಾಗೇ ಬರೆದರು. ಓದುವಾಗ ಪಕ್ಕದಲ್ಲಿದ್ದ ಕೆಂಟಕಿಯ ಹಿರಿಯರು ಅದೇನು ಅಂತ ಕೇಳಿದರು. ಕಬ್ಬಿನ ಹಾಲು, ಕೊಪ್ಪರಿಗೆ, ಅಚ್ಚು, ಬಿಸಿ ಬೆಲ್ಲವನ್ನು ಎಲೆ ಮೇಲೆ ಹಾಕಿಸಿಕೊಂಡು ತಿನ್ನುವುದು, ಇಷ್ಟನ್ನೂ ಮಂಡ್ಯದವರು ಹೇಳಿದರು. ಆ ಹಿರಿಯರು ಚಿಕ್ಕಂದಿನಲ್ಲಿ ಅಜ್ಜನ ಹೊಲದಲ್ಲಿ ಸೋರ್ಗಮ್ ಪಾಕ (ಜೋಳದ ದಂಟಿನ ರಸದ್ದು) ಕಾಯಿಸುತ್ತಿದ್ದ ಒಲೆಯ ಕಥೆ ಶುರು ಮಾಡಿದರು. ಅರ್ಧ ಗಂಟೆ ನಾಲ್ಕನೇ ನಂಬರ್ ಯಾರೂ ಮುಟ್ಟಲಿಲ್ಲ. ಎರಡು ವರ್ಷ ಪರದೆ ಮೇಲೆ ಅವರಿಬ್ಬರೂ ಮಾತಾಡಿದ್ದು ಬಾಟಲಿಗಳ ಬೆಲೆ ಮಾತ್ರ. ಅವತ್ತು ಹೆಚ್ಚು ಅಂಕ ಬಂದದ್ದು ಇವಾನ್ ವಿಲಿಯಮ್ಸ್‌ಗೆ, ಐದರಲ್ಲಿ ಅತಿ ಅಗ್ಗದ್ದು ಅದೇ.

ಆಟ ಮುಗಿದ ಮೇಲೆ, ಇನ್ನೂ ಬೇಕು ಅನ್ನುವವರಿಗೆ, ಒಂದು ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ, ಬರೀ ಮೊಳಕೆ ಬಾರ್ಲಿಯ ವಿಸ್ಕಿ) ತೆರೆಯುವುದು ನಮ್ಮ ಪದ್ಧತಿ. ಇದರಲ್ಲಿ ನೆಂಟಸ್ತಿಕೆಯೂ ಇದೆ. ಬರ್ಬನ್‌ಗೆ ಹೊಸ ಪೀಪಾಯಿಯೇ ಆಗಬೇಕಾದ್ದರಿಂದ ಒಮ್ಮೆ ಬಳಸಿದ್ದು ಹೊರಗೆ ಹೋಗುತ್ತದೆ, ಸ್ಕಾಟ್ಲೆಂಡ್‌ಗೆ, ಇಂಡಿಯಾಗೆ. ಅಮೃತ್ ಮಾಗುವುದರಲ್ಲಿ ಅಂಥ ಪೀಪಾಯಿಗಳೂ ಇವೆ. ಕೆಂಟಕಿಯಲ್ಲಿ ವರ್ಷಕ್ಕೆ ಶೇ. 3ರಿಂದ 5ರಷ್ಟು ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ ಶೇ. 10ರ ಆಸುಪಾಸು ಹೋಗುತ್ತದೆ. ಅದಕ್ಕೇ ಅಲ್ಲಿ ನಾಲ್ಕೈದು ವರ್ಷಕ್ಕೇ ಮಾಗಿಬಿಡುತ್ತದೆ.

ಮಾರನೇ ಬೆಳಿಗ್ಗೆ

ಉಳಿದ ಬಾಟಲಿಗಳನ್ನು 60 ಮಿ.ಲೀ. ಸೀಸೆಗಳಿಗೆ ತುಂಬಿ ಹಂಚಿ, ಮೇಲೆ ಹೆಸರು, ತಾರೀಖು ಬರೆಯಿರಿ. ಕಾರಿನಲ್ಲಿ ಹೋಗುವವರು ಡಿಕ್ಕಿಯಲ್ಲಿ ಇಡಲಿ. ಅಮೆರಿಕದ ಅಂಚೆಯಲ್ಲಿ ಮದ್ಯ ಕಳಿಸುವಂತಿಲ್ಲ, ಆಮೇಲೆ ಕಳಿಸುತ್ತೇನೆ ಅನ್ನಬೇಡಿ. ವಿಮಾನದಲ್ಲಿ ಹೋಗುವವರು ಸೀಲ್ ಒಡೆಯದ ಬಾಟಲಿಗಳನ್ನು ಚೆಕ್ ಇನ್ ಸೂಟ್‌ಕೇಸಿನಲ್ಲಿ ಹಾಕಬಹುದು. ಶೇ. 24ರಿಂದ 70ರವರೆಗಿನದ್ದು ತಲೆಗೆ 5 ಲೀಟರ್, ಶೇ. 70 ಮೀರಿದ್ದನ್ನು ಬಿಡುವುದೇ ಇಲ್ಲ. ಇಂಡಿಯಾಗೆ ಒಯ್ಯುವವರಿಗೆ ಸುಂಕವಿಲ್ಲದೆ 2 ಲೀಟರ್, ಅದರಲ್ಲಿ 750 ಮಿ.ಲೀ.ನ ಎರಡು ಬಾಟಲಿ ಹಿಡಿಸುತ್ತದೆ. ಮುಚ್ಚಳಕ್ಕೆ ಟೇಪ್ ಸುತ್ತಿ, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆಗಳ ನಡುವೆ ಇಡಿ. ಮೇಣದ ಬಾಟಲಿಯನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಲೆಕ್ಕ ಅಲ್ಲೇ ಚುಕ್ತಾ ಮಾಡಿ. ಮುಂದಿನ ಸಲದ ಬುಕಿಂಗ್ ಯಾರದ್ದು ಅನ್ನುವುದೂ ಕಾಫಿ ಮುಗಿಯುವ ಮೊದಲೇ ತೀರ್ಮಾನವಾಗಲಿ, ಮನೆಗೆ ಹೋದ ಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ. ನಮ್ಮದು ಈಗ ಮಂಡ್ಯದವರ ಕೈಯಲ್ಲಿದೆ. ಅಕ್ಟೋಬರ್‌ನಲ್ಲಿ ಫ್ರಾಂಕ್‌ಫರ್ಟ್ ಕಡೆ ಹೋಗೋಣ ಅಂತಿದ್ದಾರೆ, ಒಂದು ಅಚ್ಚು ಬೆಲ್ಲ ಊರಿಂದ ತರಿಸುತ್ತೇನೆ ಅಂತ ಕೆಂಟಕಿಯ ಹಿರಿಯರಿಗೆ ಮಾತು ಕೊಟ್ಟಿದ್ದಾರೆ.